ಕರೆಯದೆ ಬರುವ ಸಲಹೆಗಳು

ಗಣಕಯಂತ್ರದಲ್ಲಿ ಸ್ಟಾರ್ಟ್ ಪಟ್ಟಿಯನ್ನು ತೆರೆದೊಡನೆ ನಾವೆಂದೂ ಬಯಸದ ಒಂದು ಆಟದ ಹೆಸರೋ, ಚಲನಚಿತ್ರ ತೋರಿಸುವ ಸೇವೆಯೊಂದರ ಚಿಹ್ನೆಯೋ, ‘ಇದನ್ನೂ ಬಳಸಿ ನೋಡಿ’ ಎಂಬ ಒಂದು ಸಾಲೋ ಕಣ್ಣಿಗೆ ಬೀಳುವುದುಂಟು. ಇವು ಎಲ್ಲಿಂದ ಬರುತ್ತವೆ? ಯಂತ್ರವು ನಡೆಯುವುದಕ್ಕೆ ಇವು ಅವಶ್ಯಕವೆ? ಬೇಡವೆಂದರೆ ಇವನ್ನು ತಡೆಯುವುದು ಹೇಗೆ?

ಬೆಂಗಳೂರಿನ ಸುತ್ತಣ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ವಿದ್ಯಾರ್ಥಿಗಳಿಗೆ ಇಂದು ಲ್ಯಾಪ್‌ಟಾಪ್ ಅಪರೂಪದ ವಸ್ತುವಾಗಿ ಉಳಿದಿಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಅದಕ್ಕೆ ಅಂತರ್ಜಾಲವು ಒದಗುವುದು ತಂದೆಯ ಅಥವಾ ಅಣ್ಣನ ಮೊಬೈಲಿನ ಹಾಟ್‌ಸ್ಪಾಟಿನಿಂದ. ದಿನಕ್ಕೆ ಒಂದೂವರೆ ಜಿಬಿ ಮಾತ್ರ ದೊರೆಯುವ ಸಂಪರ್ಕವೆಂದೂ, ತೆರೆಯ ಮೇಲೆ ಸೂಚಿಸಲ್ಪಟ್ಟ ಆಟವೊಂದರ ಗಾತ್ರ 300 ಎಂಬಿ ಎಂದೂ ಇಟ್ಟುಕೊಳ್ಳೋಣ. ಕೈತಪ್ಪಿ ಆ ಚಿಹ್ನೆಯನ್ನು ಒತ್ತಿದ ಮಾತ್ರಕ್ಕೆ ದಿನದ ಪಾಲಿನ ಐದನೆಯ ಒಂದು ಭಾಗವು ಸಂದುಹೋಗುವುದು. ಪಾಠದ ವಿಡಿಯೊ ನಡುವೆಯೇ ನಿಲ್ಲುವುದಕ್ಕೆ ಇಷ್ಟು ಸಾಕು. ಓದುವಾಗ ಚದರುವ ಗಮನದ ಲೆಕ್ಕವಂತೂ ಎಂಬಿಗಳಲ್ಲಿ ಹೇಳಲಾಗದ್ದು.

ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಯು 2015ರ ಜುಲೈ 29ರಂದು ಬಿಡುಗಡೆಯಾಯಿತು. ಕ್ಯಾಂಡಿ ಕ್ರಷ್‌ನಂತಹ ಆಟಗಳು ಬಳಕೆದಾರರು ಕೇಳದೆಯೇ ಅದರ ಸ್ಟಾರ್ಟ್ ಪಟ್ಟಿಯಲ್ಲಿ ಕಾಣಿಸಿಕೊಂಡವು. ಇದಕ್ಕಾಗಿಯೇ ವ್ಯವಸ್ಥೆಯೊಳಗೆ ‘ಕಂಟೆಂಟ್ ಡೆಲಿವರಿ ಮ್ಯಾನೇಜರ್’ ಎಂಬ ಒಂದು ಅಂಗವಿದೆ. ಅದು ಆಗಾಗ್ಗೆ ಕಂಪನಿಯ ದೂರದ ಸರ್ವರನ್ನು ಸಂಪರ್ಕಿಸಿ, ಏನನ್ನು ತೋರಿಸಬೇಕೆಂಬ ವಿವರವನ್ನು ತರಿಸಿಕೊಂಡು, ಅದರಂತೆ ಸ್ಟಾರ್ಟ್ ಪಟ್ಟಿಯಲ್ಲಿ, ಬೀಗದ ತೆರೆಯ ಮೇಲೆ, ಸೆಟ್ಟಿಂಗ್ಸ್ ಪುಟದಲ್ಲಿ ಸಲಹೆಗಳನ್ನು ಮೂಡಿಸುವುದು. ವಿಂಡೋಸ್ 11 ಬಂದುದು 2021ರ ಅಕ್ಟೋಬರಿನಲ್ಲಿ. 2024ರ ಏಪ್ರಿಲಿನ ಒಂದು ಪರಿಷ್ಕರಣದಿಂದ ಅದರ ಸ್ಟಾರ್ಟ್ ಪಟ್ಟಿಯ ‘ರೆಕಮೆಂಡೆಡ್’ ಭಾಗದಲ್ಲಿಯೂ ಮೈಕ್ರೋಸಾಫ್ಟ್ ಸ್ಟೋರಿನ ಆ್ಯಪ್‌ಗಳು ತಲೆಯಿಕ್ಕತೊಡಗಿದವು. ಯಂತ್ರದ ಓಟಕ್ಕೂ ಇವುಗಳಿಗೂ ಯಾವ ಸಂಬಂಧವೂ ಇಲ್ಲ. ಇವೆಲ್ಲವನ್ನೂ ನಿಲ್ಲಿಸಿದರೂ ಗಣಕವು ಮೊದಲಿನಂತೆಯೇ ಕೆಲಸಮಾಡುವುದು.

ಇಂತಹ ಸಲಹೆಯೊಂದು ‘ನಡೆಯಬೇಕು’ ಅಥವಾ ‘ನಿಲ್ಲಬೇಕು’ ಎಂಬುದನ್ನು ಯಂತ್ರವು ನೆನಪಿನಲ್ಲಿ ಹೇಗೆ ಇಟ್ಟುಕೊಳ್ಳುವುದೆಂಬುದನ್ನು ದೊಡ್ಡಬಳ್ಳಾಪುರದ ನೇಕಾರರ ಮಕ್ಕಳು ಬೇರೆಯವರಿಗಿಂತ ಬೇಗನೆ ತಿಳಿಯಬಲ್ಲರು. ರೇಷ್ಮೆ ಸೀರೆಯ ಮಗ್ಗಗಳಿಗೆ ಹೆಸರಾದ ಊರು ಅದು. ಸೀರೆಯ ಅಂಚಿನಲ್ಲಿಯೂ ಸೆರಗಿನಲ್ಲಿಯೂ ಹೂವು ಬಳ್ಳಿಗಳನ್ನು ಮೂಡಿಸಲು ಮಗ್ಗದ ಮೇಲ್ಗಡೆ ಜಕಾರ್ಡ್ ಎಂಬ ಸಾಧನವನ್ನು ಕೂಡಿಸುವರು. ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮೇರಿ ಜಕಾರ್ಡ್ ಇದನ್ನು ರೂಪಿಸಿದುದು 1804ರ ಸುಮಾರಿಗೆ. ತೂತು ಕೊರೆದ ರಟ್ಟಿನ ಪಟ್ಟಿಗಳ ಮಾಲೆಯೊಂದು ಈ ಸಾಧನದೊಳಗೆ ಸುತ್ತುತ್ತಿರುವುದು. ಪಟ್ಟಿಯಲ್ಲಿ ತೂತು ಇರುವ ಕಡೆ ಸೂಜಿಯು ಒಳಕ್ಕೆ ತೂರುತ್ತದೆ. ಅದಕ್ಕೆ ಸೇರಿದ ಕೊಕ್ಕೆ ಮೇಲಕ್ಕೇರಿ ಹಾಸಿನ ಎಳೆಯನ್ನು ಎತ್ತುತ್ತದೆ. ತೂತು ಇಲ್ಲದ ಕಡೆ ರಟ್ಟು ಸೂಜಿಯನ್ನು ಹಿಂದಕ್ಕೆ ತಳ್ಳುವುದರಿಂದ ಎಳೆ ಕೆಳಗೇ ಉಳಿಯುತ್ತದೆ. ಎದ್ದ ಎಳೆಗಳ ಕೆಳಗೆ ಹೊಕ್ಕು ಹಾಯ್ದಂತೆಲ್ಲ ಚಿತ್ತಾರವು ಮೂಡುವುದು. ಮಗ್ಗಕ್ಕೆ ಹೂವೆಂದರೇನೆಂದು ಗೊತ್ತಿಲ್ಲ. ತೂತು ಇದೆ, ತೂತು ಇಲ್ಲ, ಇವೆರಡೇ ಅದಕ್ಕೆ ಅರ್ಥವಾಗುವ ಮಾತು. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನು 19ನೆಯ ಶತಮಾನದಲ್ಲಿ ತನ್ನ ವಿಶ್ಲೇಷಕ ಯಂತ್ರವನ್ನು ಕಲ್ಪಿಸಿದಾಗ ಇದೇ ಪಟ್ಟಿಗಳನ್ನು ಬಳಸಲು ಯೋಚಿಸಿದನು. (ಈಚೆಗೆ ಹಲವು ಮಗ್ಗಗಳಲ್ಲಿ ರಟ್ಟಿನ ಬದಲು ವಿದ್ಯುನ್ಮಾನ ಜಕಾರ್ಡ್ ಬಂದಿದೆ, ತತ್ತ್ವ ಮಾತ್ರ ಅದೇ.)

ವಿಂಡೋಸಿನಲ್ಲಿ ಈ ರಟ್ಟಿನ ಮಾಲೆಯ ಸ್ಥಾನದಲ್ಲಿರುವುದು ‘ರಿಜಿಸ್ಟ್ರಿ’ ಎಂಬ ದಫ್ತರ. ಸಾವಿರಾರು ಹೆಸರುಗಳೂ ಒಂದೊಂದು ಹೆಸರಿನ ಮುಂದೆ ಒಂದೊಂದು ಬೆಲೆಯೂ ಅದರಲ್ಲಿ ಬರೆದಿರುತ್ತವೆ. ಕಂಟೆಂಟ್ ಡೆಲಿವರಿ ಮ್ಯಾನೇಜರಿಗೆ ಸೇರಿದ ಹಾಳೆಯಲ್ಲಿ ‘ಸಿಸ್ಟಮ್ ಪೇನ್ ಸಜೆಷನ್ಸ್ ಎನೇಬಲ್ಡ್’ ಎಂಬ ಒಂದು ಹೆಸರುಂಟು. ಅದರ ಮುಂದೆ 1 ಇದ್ದರೆ ಸ್ಟಾರ್ಟ್ ಪಟ್ಟಿಯಲ್ಲಿ ಸಲಹೆ ಬರುವುದು. 0 ಇದ್ದರೆ ಬಾರದು. ಮತ್ತೊಂದು ಹೆಸರು ‘ಸೈಲೆಂಟ್ ಇನ್‌ಸ್ಟಾಲ್ಡ್ ಆ್ಯಪ್ಸ್ ಎನೇಬಲ್ಡ್’. ಸದ್ದಿಲ್ಲದೆ ಆ್ಯಪ್‌ಗಳನ್ನು ಸ್ಥಾಪಿಸಲು ಅನುಮತಿ ಎಂಬುದೇ ಇದರ ಅರ್ಥ! ಹೆಸರಿಟ್ಟವರ ಪ್ರಾಮಾಣಿಕತೆಯನ್ನಾದರೂ ಮೆಚ್ಚಬೇಕು. ಸೆಟ್ಟಿಂಗ್ಸ್ ಪುಟದಲ್ಲಿ ನಾವು ಒಂದು ಗುಂಡಿಯನ್ನು ಬಲದಿಂದ ಎಡಕ್ಕೆ ಸರಿಸಿದಾಗ ಒಳಗೆ ನಡೆಯುವುದು ಇಷ್ಟೆ: ಒಂದೆಡೆ 1 ಅಳಿದು 0 ಆಗುವುದು. ಆದುದರಿಂದ ಈ ಗುಂಡಿಗಳನ್ನು ಮುಟ್ಟಲು ಅಂಜಬೇಕಾಗಿಲ್ಲ. ರಿಜಿಸ್ಟ್ರಿಯನ್ನೇ ನೇರವಾಗಿ ತಿದ್ದುವುದು ಮಾತ್ರ ಹೊಸಬರಿಗೆ ತಕ್ಕುದಲ್ಲ. ಅಲ್ಲಿ ತಪ್ಪು ಎಳೆಯನ್ನು ಎತ್ತಿದರೆ ಇಡೀ ಬಟ್ಟೆ ಕೆಡಬಹುದು.

ಈ ಬೆಲೆಗಳನ್ನು 1 ಎಂದು ಬರೆದವರು ನಾವಲ್ಲ. ಯಂತ್ರವು ನಮ್ಮ ಕೈಗೆ ಬರುವಾಗಲೇ ಹಾಗೆ ಬರೆದಿರುತ್ತದೆ. ಬಹುಮಂದಿ ಸಿದ್ಧವಾಗಿ ದೊರೆತ ಸ್ಥಿತಿಯನ್ನು ಬದಲಿಸುವುದಿಲ್ಲವೆಂಬುದು ತಯಾರಕರಿಗೆ ತಿಳಿದ ವಿಷಯ. ಈ ಏರ್ಪಾಡೆಲ್ಲ ನಿಂತಿರುವುದು ಅದರ ಮೇಲೆಯೇ. ದೊಡ್ಡ ಸಂಸ್ಥೆಗಳಿಗೂ ಶಾಲಾ ಕಾಲೇಜುಗಳಿಗೂ ಎಂದು ಮಾರುವ ಎಂಟರ್‌ಪ್ರೈಸ್ ಮತ್ತು ಎಜುಕೇಷನ್ ಆವೃತ್ತಿಗಳಲ್ಲಿ ಇಂತಹ ಸೂಚಿತ ಆ್ಯಪ್‌ಗಳನ್ನು ಒಂದೇ ನಿಯಮದಿಂದ ತಡೆಯುವ ಅನುಕೂಲವಿದೆ. ಮನೆಬಳಕೆಯ ಹೋಮ್ ಆವೃತ್ತಿಯವನು ಒಂದೊಂದನ್ನೇ ಹುಡುಕಿ ನಿಲ್ಲಿಸಬೇಕು. ಇದು ನ್ಯಾಯವಾಗಿ ತೋರುವುದಿಲ್ಲ.

ಹುಡುಕುವುದು ಎಲ್ಲಿ? ವಿಂಡೋಸ್ ಚಿಹ್ನೆಯ ಕೀಲಿಯನ್ನೂ ‘ಐ’ ಅಕ್ಷರವನ್ನೂ ಒಟ್ಟಿಗೆ ಒತ್ತಿದರೆ ಸೆಟ್ಟಿಂಗ್ಸ್ ತೆರೆಯುವುದು. ಅಲ್ಲಿ ಪರ್ಸನಲೈಸೇಷನ್, ಅದರೊಳಗೆ ಸ್ಟಾರ್ಟ್. ವಿಂಡೋಸ್ 10ರಲ್ಲಿ ಇಲ್ಲಿ ‘ಸಜೆಷನ್ಸ್’ ಎಂಬ ಮಾತಿರುವ ಸಾಲನ್ನೂ ವಿಂಡೋಸ್ 11ರಲ್ಲಿ ‘ರೆಕಮೆಂಡೇಷನ್ಸ್’ ಎಂಬ ಮಾತಿರುವ ಸಾಲನ್ನೂ ಆಫ್ ಮಾಡಬೇಕು. ಮುಂದೆ ಸಿಸ್ಟಮ್ ವಿಭಾಗದ ನೋಟಿಫಿಕೇಷನ್ಸ್ ಪುಟದ ಕೊನೆಯಲ್ಲಿ ‘ಟಿಪ್ಸ್ ಆ್ಯಂಡ್ ಸಜೆಷನ್ಸ್’ ಎಂಬುದರ ಗುರುತನ್ನು ತೆಗೆಯಬೇಕು. ಬೀಗದ ತೆರೆಗೆ ‘ಪಿಕ್ಚರ್’ ಎಂದು ಆರಿಸಿ, ಅದರ ಕೆಳಗಿನ ‘ಫನ್ ಫ್ಯಾಕ್ಟ್ಸ್, ಟಿಪ್ಸ್’ ಎಂಬ ಚೌಕದ ಗುರುತನ್ನೂ ತೆಗೆದರೆ ಅಲ್ಲಿಯೂ ನಿಶ್ಶಬ್ದ. ಕಡತಗಳನ್ನು ತೋರಿಸುವ ಫೈಲ್ ಎಕ್ಸ್‌ಪ್ಲೋರರಿನಲ್ಲಿಯೂ ಸಂಗ್ರಹ ಸೇವೆಯ ಜಾಹೀರಾತು ಬರುವುದುಂಟು; ಅದನ್ನು ಆಳುವ ಸಾಲು ಫೋಲ್ಡರ್ ಆಪ್ಷನ್ಸ್‌ನ ‘ವ್ಯೂ’ ಪುಟದಲ್ಲಿ ‘ಸಿಂಕ್ ಪ್ರೊವೈಡರ್ ನೋಟಿಫಿಕೇಷನ್ಸ್’ ಎಂಬ, ಯಾರಿಗೂ ಅರ್ಥವಾಗದ ಹೆಸರಿನಲ್ಲಿ ಅಡಗಿದೆ. ಪುಟಗಳ ವಿನ್ಯಾಸವು ಆವೃತ್ತಿಯಿಂದ ಆವೃತ್ತಿಗೆ ಬದಲಾಗುವುದರಿಂದ ದಾರಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಸಜೆಷನ್ಸ್, ರೆಕಮೆಂಡೇಷನ್ಸ್, ಟಿಪ್ಸ್, ಆಫರ್ಸ್ ಎಂಬ ನಾಲ್ಕು ಪದಗಳನ್ನು ಗುರುತಿಟ್ಟುಕೊಳ್ಳುವುದು ಮೇಲು. ‘ಜಾಹೀರಾತು’ ಎಂಬ ನೇರವಾದ ಪದವು ಅಲ್ಲಿ ಅಪೂರ್ವ.

ಅದು ಸ್ಪಷ್ಟವಾಗಿ ಕಾಣಸಿಗುವ ಸ್ಥಳವೆಂದರೆ ಪ್ರೈವಸಿ ವಿಭಾಗದ ‘ಅಡ್ವರ್ಟೈಸಿಂಗ್ ಐಡಿ’. ಯಂತ್ರದ ಪ್ರತಿಯೊಬ್ಬ ಬಳಕೆದಾರನಿಗೂ ಕೊಟ್ಟಿರುವ ಒಂದು ಗುರುತಿನ ಸಂಖ್ಯೆ ಇದು. ಒಬ್ಬನು ಬೇರೆ ಬೇರೆ ಆ್ಯಪ್‌ಗಳಲ್ಲಿ ಏನು ಮಾಡಿದನೆಂಬುದನ್ನು ಈ ಸಂಖ್ಯೆಯ ಮೂಲಕ ಪೋಣಿಸಿ, ಅವನ ಅಭಿರುಚಿಗೆ ತಕ್ಕ ಜಾಹೀರಾತನ್ನು ಒಡ್ಡಬಹುದು. ಇದನ್ನು ಆಫ್ ಮಾಡಿದರೆ ಜಾಹೀರಾತುಗಳೇ ನಿಲ್ಲುವುವೆಂದು ಹಲವರು ಭಾವಿಸುತ್ತಾರೆ. ಅದು ಸರಿಯಲ್ಲ. ಆ ಸಂಖ್ಯೆಯ ಆಧಾರದಿಂದ ನಮ್ಮನ್ನು ಗುರುತಿಸುವುದು ಮಾತ್ರ ನಿಲ್ಲುವುದು. ಜಾಹೀರಾತುಗಳ ಎಣಿಕೆಯು ಕಡಿಮೆಯಾಗದು.

ನಮ್ಮ ದೇಶದ ಕಾನೂನು ಈ ಕಡೆ ಕಣ್ಣುಹಾಯಿಸಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷ ತುಂಬದವರ ಚಟುವಟಿಕೆಯನ್ನು ಹಿಂಬಾಲಿಸುವುದನ್ನೂ ಅವರನ್ನು ಗುರಿಯಾಗಿಟ್ಟು ಜಾಹೀರಾತು ಒಡ್ಡುವುದನ್ನೂ ಕೆಲವು ವಿನಾಯಿತಿಗಳೊಡನೆ ನಿಷೇಧಿಸುತ್ತದೆ. 2025ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾಗಿ, ಕಾಯಿದೆಯು ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಮಾಡಲಾಗಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಪಟ್ಟಿಮಾಡಿದ 13 ಬಗೆಯ ಮೋಸದ ವಿನ್ಯಾಸಗಳಲ್ಲಿ, ಬೇಡವೆಂದರೂ ಮತ್ತೆ ಮತ್ತೆ ಕೇಳಿ ಪೀಡಿಸುವುದೂ ಒಂದು. ಗಣಕದ ಸಲಹೆಗಳು ಆ ಪಟ್ಟಿಗೆ ಸೇರುವುವೆ ಎಂಬುದು ವಾದಕ್ಕೆ ಎಡೆಯಿರುವ ಪ್ರಶ್ನೆ.

ಈ ರೋಗವು ಒಂದೇ ಕಂಪನಿಗೆ ಅಂಟಿದುದೆಂದು ತಿಳಿಯಬಾರದು. ಮುಕ್ತ ತಂತ್ರಾಂಶವೆಂದು ಹೆಸರಾದ ಉಬುಂಟು ಕೂಡ 2012ರ ತನ್ನ ಆವೃತ್ತಿಯಲ್ಲಿ, ಬಳಕೆದಾರನು ತನ್ನ ಕಡತಗಳಿಗಾಗಿ ಹುಡುಕಿದಾಗ ಅಮೆಜಾನ್ ಅಂಗಡಿಯ ಸರಕುಗಳನ್ನು ಜೊತೆಗೆ ತೋರಿಸಿತು. ಮುಕ್ತ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ನರು ಅದನ್ನು ಬೇಹುಗಾರಿಕೆಯೆಂದು ಬಹಿರಂಗವಾಗಿ ಖಂಡಿಸಿದರು. 2016ರ ಆವೃತ್ತಿಯಲ್ಲಿ ಆ ಸ್ಥಿತಿಯು ಮೊದಲಿನಿಂದಲೇ ಆಫ್ ಆಗಿರುವಂತೆ ಮಾರ್ಪಟ್ಟಿತು.

ಇನ್ನು ಈಗಾಗಲೇ ಪಟ್ಟಿಯಲ್ಲಿ ಕುಳಿತಿರುವ ಚಿಹ್ನೆಗಳ ಮಾತು. ವಿಂಡೋಸ್ 11ರಲ್ಲಿ ಇವುಗಳಲ್ಲಿ ಕೆಲವು ಬರಿಯ ಬೀಜಗಳು. ಒತ್ತಿದಾಗಲೇ ಆ್ಯಪ್ ಅಂತರ್ಜಾಲದಿಂದ ಇಳಿಯತೊಡಗುವುದು. ಚಿಹ್ನೆಯ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ ‘ಅನ್‌ಇನ್‌ಸ್ಟಾಲ್’ ಎಂಬುದನ್ನು ಆರಿಸಿದರೆ ಅದು ತೊಲಗುವುದು. ದೊಡ್ಡ ಪರಿಷ್ಕರಣವೊಂದು ಬಂದ ಮರುದಿನ ಮೇಲೆ ಹೇಳಿದ ಪುಟಗಳನ್ನು ಮತ್ತೊಮ್ಮೆ ನೋಡುವುದು ಒಳ್ಳೆಯದು; ಹೊಸ ಹೆಸರಿನ ಹೊಸ ಗುಂಡಿಯೊಂದು ಅಲ್ಲಿ 1ರ ಸ್ಥಿತಿಯಲ್ಲಿ ಕಾದಿರಬಹುದು. ಮೊಬೈಲಿನ ಹಾಟ್‌ಸ್ಪಾಟನ್ನು ನಂಬಿರುವವರು ನೆಟ್‌ವರ್ಕ್ ವಿಭಾಗದಲ್ಲಿ ಆ ಸಂಪರ್ಕದ ವಿವರವನ್ನು ತೆರೆದು ‘ಮೀಟರ್ಡ್ ಕನೆಕ್ಷನ್’ ಎಂಬುದನ್ನು ಮಾತ್ರ ಆನ್ ಮಾಡಿಡಬೇಕು. ಅಳತೆಯ ಸಂಪರ್ಕವೆಂದು ತಿಳಿದ ಯಂತ್ರವು ಸ್ಟೋರಿನ ಆ್ಯಪ್‌ಗಳ ತಾನಾಗಿ ಆಗುವ ಪರಿಷ್ಕರಣವನ್ನು ತಡೆಹಿಡಿದು, ಬೇರೆ ಸಂಪರ್ಕ ದೊರೆಯುವವರೆಗೆ ಕಾಯುವುದು.