ವಿದ್ಯಾರ್ಥಿಗಳಿಗೆ ಪುಸ್ತಕದ ಆಯ್ಕೆ

ರಾಜ್ಯ ಪಠ್ಯಕ್ರಮದ ಪ್ರೌಢಶಾಲೆಗಳಿಗೆ ಪಠ್ಯಪುಸ್ತಕವನ್ನು ಸರ್ಕಾರವು ಗೊತ್ತುಪಡಿಸುತ್ತದೆ. ಅದರೊಡನೆ ಓದಿಸತಕ್ಕ ಪುಸ್ತಕದ ಆಯ್ಕೆ ಉಪಾಧ್ಯಾಯರದು. ಕುಂದಾಪುರ, ಬೈಂದೂರು, ಬ್ರಹ್ಮಾವರಗಳಲ್ಲಿ ಮನೆಮಾತಾದ ಕುಂದಗನ್ನಡವನ್ನು ಕೀಳೆಂದು ನಂಬಿದ ಹದಿಹರೆಯದವರಿಗೆ ಗ್ರಂಥದ ನುಡಿಯೂ ಪರಕೀಯವಾಗಿಯೇ ತೋರುವುದು. ಆದುದರಿಂದ ಆಯ್ಕೆಯು ಹುಟ್ಟಿದ ನೆಲದಿಂದಲೇ ಮೊದಲಾಗಬೇಕು.

ಬ್ರಹ್ಮಾವರ ತಾಲ್ಲೂಕಿನ ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಈ ಕರಾವಳಿಯ ಮೂರು ತಲೆಮಾರುಗಳ ಬಾಳನ್ನು ಚಿತ್ರಿಸುತ್ತದೆ. ಕುಂದಾಪುರದ ವೈದೇಹಿಯವರ ಕಥೆಗಳಲ್ಲಿ ಅಲ್ಲಿಯ ಆಡುಮಾತೇ ಸಾಹಿತ್ಯವಾಗಿದೆ. ಇವುಗಳನ್ನು ಓದಿ ಪಳಗಿದವರಿಗೆ ಬೈಂದೂರು ಸೀಮೆಯ ಮೊಗೇರಿಯ ಗೋಪಾಲಕೃಷ್ಣ ಅಡಿಗರ ಕಾವ್ಯವನ್ನು ಕೊಡಬಹುದು.

ಹನ್ನೆರಡನೆಯ ಶತಮಾನದ ಶರಣರೂ ಜನರ ಆಡುನುಡಿಯಲ್ಲಿಯೇ ಅನುಭಾವವನ್ನು ನುಡಿದರು. ತನ್ನ ಮನೆಮಾತಿನ ಬೆಲೆಯನ್ನರಿತ ವಿದ್ಯಾರ್ಥಿಯು ವಚನವನ್ನು ತನ್ನವರ ಮಾತೆಂದೇ ಕೇಳುವನು.