ವಾರ್ಡಿಗೆ ಬಂದ ‘ನಮ್ಮೂರಿನವ’

ಆಸ್ಪತ್ರೆಯ ಕೇಸ್ ಪೇಪರಿನಲ್ಲಿ ‘ಸಂಬಂಧಿಕರ ಮೊಬೈಲ್’ ಎಂದಿದ್ದ ಕಡೆ ನನ್ನ ನಂಬರು ಬರೆದವನು ನಾನೇ. ಕಳೆದ ಮಳೆಗಾಲದ ಒಂದು ಭಾನುವಾರ, ಬೆಳಗಿನ ಜಾವ ಎರಡು ಗಂಟೆ. ಥಾಣೆಯ ಹೋಟೆಲೊಂದರಲ್ಲಿ ಕ್ಯಾಪ್ಟನ್ ಆಗಿರುವ ನನ್ನ ತಮ್ಮ ರಾತ್ರಿ ಕೆಲಸ ಮುಗಿಸಿ ಘೋಡ್‌ಬಂದರ್ ರಸ್ತೆಯಲ್ಲಿ ಬೈಕಿನಲ್ಲಿ ಬರುತ್ತಿದ್ದಾಗ ಹಿಂದಿನಿಂದ ಟೆಂಪೋ ಗುದ್ದಿತ್ತು. ಬಲಗಾಲು, ಮೊಣಕಾಲಿನ ಕೆಳಗೆ ಎರಡೂ ಎಲುಬು ಮುರಿದಿತ್ತು. ಡೊಂಬಿವಲಿಯಿಂದ ನಾನು ಹೋಗಿ ತಲುಪುವ ಹೊತ್ತಿಗೆ ಅವನನ್ನು ಸ್ಟ್ರೆಚರಿನ ಮೇಲೆ ಎಕ್ಸ್‌ರೇಗೆ ಕೊಂಡೊಯ್ಯುತ್ತಿದ್ದರು.

ಅದೇ ದಿನ ಬೆಳಿಗ್ಗೆ ಹತ್ತೂವರೆಗೆ ನನ್ನ ಫೋನ್ ರಿಂಗಾಯಿತು. ಗುರುತಿಲ್ಲದ ನಂಬರು, ಹಿಂದಿಯಲ್ಲಿ ಮಾತು. ತಮ್ಮನ ಹೆಸರು, ವಯಸ್ಸು, ಯಾವ ಕಾಲು ಎಂಬುದು ಅವನಿಗೆ ಗೊತ್ತಿತ್ತು. “ಕ್ಲೇಮ್ ನಾವು ಮಾಡಿಕೊಡುತ್ತೇವೆ, ನೀವು ಒಂದು ರೂಪಾಯಿಯೂ ಖರ್ಚು ಮಾಡಬೇಕಾಗಿಲ್ಲ” ಎಂದ. ಊರಿನ ನೆಂಟರಿಗೇ ನಾನಿನ್ನೂ ಸುದ್ದಿ ಹೇಳಿರಲಿಲ್ಲ. ಆ ಎಂಟು ಗಂಟೆಗಳಲ್ಲಿ ನನ್ನ ನಂಬರು ಇದ್ದದ್ದು ಆ ಒಂದು ಕೇಸ್ ಪೇಪರಿನಲ್ಲಿ ಮಾತ್ರ. ಸಿಟ್ಟಿನಿಂದ ಫೋನ್ ಕಟ್ ಮಾಡಿದೆ. ಪೀಡೆ ತೊಲಗಿತು ಅಂದುಕೊಂಡೆ.

ತೊಲಗಿರಲಿಲ್ಲ. ಸೋಮವಾರ ಆಪರೇಷನ್ ಆಯಿತು, ಕಾಲಿಗೆ ರಾಡ್ ಹಾಕಿದರು. ನಾನು ಆಫೀಸಿಗೆ ರಜೆ ಹೇಳಿರಲಿಲ್ಲ, ಹಾಗಾಗಿ ಸಂಜೆ ಮನೆಗೆ ಹೊರಟೆ. ಮಂಗಳವಾರ ಸಂಜೆ ಮತ್ತೆ ಹೋದಾಗ ತಮ್ಮನ ಹೆಂಡತಿ ಸ್ವಲ್ಪ ಗೆಲುವಾಗಿದ್ದಳು. “ಭಾವ, ಕ್ಲೇಮಿನ ಚಿಂತೆ ಇಲ್ಲ. ನಮ್ಮೂರಿನವರೇ ಒಬ್ಬರು ಬಂದಿದ್ದರು. ಎಲ್ಲಾ ಅವರೇ ನೋಡಿಕೊಳ್ಳುತ್ತಾರಂತೆ” ಎಂದಳು.

ಮೂರು ಕಾಗದ

ಬಂದವನು ರಾತ್ರಿ ಒಂಬತ್ತರ ಮೇಲೆ ವಾರ್ಡಿಗೆ ಬಂದು ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು, “ನೀವ್ ಕುಂದಾಪ್ರ ಬದಿಯವ್ರಲ್ದಾ?” ಎಂದು ಮಾತು ಶುರು ಮಾಡಿದ್ದನಂತೆ. ಅವಳಿಗೆ ಆ ಮಾತೊಂದೇ ಸಾಕಾಯಿತು. ನರ್ಸು ಮರಾಠಿ, ಡಾಕ್ಟರು ಇಂಗ್ಲಿಷ್, ಪೊಲೀಸರು ಮರಾಠಿ, ಪಕ್ಕದ ಮಂಚದವರು ಭೋಜ್‌ಪುರಿ. ಎರಡು ದಿನದಿಂದ ಯಾರ ಮಾತೂ ಪೂರ್ತಿ ತಿಳಿಯದೆ ಕೂತಿದ್ದವಳ ಹತ್ತಿರ ಒಬ್ಬ ಬಂದು ಊರಿನ ಕನ್ನಡ ಆಡಿದ್ದ.

ಮೂರು ಕಾಗದಗಳಿಗೆ ತಮ್ಮನ ಸಹಿ ಆಗಿತ್ತು. ನೋವಿನ ಇಂಜೆಕ್ಷನಿನ ಮಂಪರಿನಲ್ಲಿದ್ದವನ ಕೈಗೆ ಪೆನ್ನು ಹಿಡಿಸಿದವಳು ಹೆಂಡತಿ. ಒಂದು, ಮರಾಠಿಯಲ್ಲಿ ಟೈಪ್ ಮಾಡಿದ ಕರಾರು: ಬಂದ ಪರಿಹಾರದಲ್ಲಿ ಶೇ. 30 ಕೊಡುವುದಾಗಿ. ಎರಡು, ವಕೀಲರ ಹೆಸರಿನ ಜಾಗ ಖಾಲಿ ಬಿಟ್ಟ ವಕಾಲತ್ತುನಾಮೆ. ಮೂರನೆಯದು ಬರಿಯ ಬಿಳಿ ಹಾಳೆ, ಕೆಳಗೆ ರೆವಿನ್ಯೂ ಸ್ಟಾಂಪು, ಅದರ ಮೇಲೆ ಸಹಿ. ಜೊತೆಗೆ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೋಗಳನ್ನು ಅವನು ತನ್ನ ಮೊಬೈಲಿನಲ್ಲಿ ತೆಗೆದುಕೊಂಡಿದ್ದ. “ನಾಳೆಯೊಳಗೆ ಸಹಿ ಆಗದಿದ್ದರೆ ಕೇಸು ನಿಲ್ಲುವುದಿಲ್ಲ” ಎಂದಿದ್ದನಂತೆ. ಬಿಟ್ಟು ಹೋದ ಕಾರ್ಡಿನಲ್ಲಿ ಒಂದು ಹೆಸರು, ಒಂದು ಮೊಬೈಲ್ ನಂಬರು. ವಿಳಾಸವಿಲ್ಲ, ವಕೀಲರ ಹೆಸರೂ ಇಲ್ಲ.

ವಾರ್ಡಿನಲ್ಲೇ ನಾನು ಅವಳ ಮೇಲೆ ರೇಗಿದೆ. “ಓದದೆ ಸಹಿ ಹಾಕಿಸೋದಾ? ಅಷ್ಟೂ ಬುದ್ಧಿ ಬೇಡವಾ?” ಅಂದುಬಿಟ್ಟೆ. ಅವಳು ಏನೂ ಹೇಳದೆ ನೀರಿನ ಬಾಟಲಿ ತೆಗೆದುಕೊಂಡು ಹೊರಗೆ ಹೋದಳು.

ಆತುರ ಯಾರದು?

ಅಂದು ರಾತ್ರಿಯಿಂದ ತಿಳಿದವರನ್ನು ಕೇಳುತ್ತಾ, ಕಾನೂನು ಓದುತ್ತಾ ಹೋದೆ. ಮೊದಲು ಗೊತ್ತಾದದ್ದು ‘ನಾಳೆಯೊಳಗೆ’ ಎಂಬುದು ಶುದ್ಧ ಸುಳ್ಳು ಎಂದು. ಮೋಟಾರು ವಾಹನ ಕಾಯ್ದೆಯ 166ನೇ ಕಲಮಿಗೆ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕು. ಈ ಗಡುವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಹೋಗಿವೆ. ಏನೇ ಇದ್ದರೂ ಆರು ತಿಂಗಳು ಎಂದೇ ಲೆಕ್ಕ ಇಟ್ಟುಕೊಳ್ಳುವುದು ಕ್ಷೇಮ. ಆರು ತಿಂಗಳು ಅಂದರೆ ಆಪರೇಷನ್ ಮುಗಿದು, ಮನೆಗೆ ಬಂದು, ನಾಲ್ಕು ಜನರನ್ನು ವಿಚಾರಿಸಿ ವಕೀಲರನ್ನು ಗೊತ್ತು ಮಾಡಿಕೊಳ್ಳಲು ಸಾಕಷ್ಟು ಸಮಯ. ಮರುದಿನದ ಆತುರ ಇದ್ದದ್ದು ಏಜೆಂಟನಿಗೆ: ಇನ್ನೊಬ್ಬ ಏಜೆಂಟ್ ಬರುವ ಮೊದಲು ಸಹಿ ಬೀಳಬೇಕಲ್ಲ!

ಎರಡನೆಯದಾಗಿ, ಯಾರೂ ಬಂದು ‘ಮಾಡಿಕೊಡದಿದ್ದರೂ’ ಕೆಲಸ ಶುರುವಾಗುವಂತೆ 2022ರ ನಿಯಮಗಳು ದಾರಿ ಮಾಡಿವೆ. ಅಪಘಾತದ ಮೊದಲ ವರದಿಯನ್ನು ಪೊಲೀಸರು 48 ಗಂಟೆಯೊಳಗೆ ಕ್ಲೇಮ್ಸ್ ಟ್ರಿಬ್ಯೂನಲ್ಲಿಗೆ ಕಳುಹಿಸಬೇಕು. ಗಾಯಾಳುವಿನ ಹಕ್ಕುಗಳೇನು ಎಂಬ ಫಾರಂ ಅನ್ನು 10 ದಿನದೊಳಗೆ ಮನೆಯವರಿಗೆ ಕೊಡಬೇಕು. ಮಧ್ಯಂತರ ವರದಿಗೆ 50 ದಿನ, ಪೂರ್ತಿ ವರದಿಗೆ 90 ದಿನ. ಆ ಪೊಲೀಸ್ ವರದಿಯನ್ನೇ ಪರಿಹಾರದ ಅರ್ಜಿ ಎಂದು ಟ್ರಿಬ್ಯೂನಲ್ ಪರಿಗಣಿಸಲು ಕಾಯ್ದೆಯಲ್ಲೇ ಅವಕಾಶವಿದೆ. ಇದೆಲ್ಲ ತಾನಾಗಿ ನಡೆಯುತ್ತದೆ ಎಂದು ಕೈಕಟ್ಟಿ ಕೂರುವ ಹಾಗಿಲ್ಲ. ಠಾಣೆಗೆ ಹೋಗಿ ಕೇಳಬೇಕು. ನಮಗೆ ಆ ಫಾರಂ ಸಿಕ್ಕಿದ್ದು ನಾನು ಮೂರನೆಯ ಸಲ ಕೇಳಿದ ಮೇಲೆ.

ಇನ್ನು ಶೇ. 30ರ ಕರಾರು. ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮಗಳ ಪ್ರಕಾರ ವಕೀಲರು ದಲ್ಲಾಳಿಗಳ ಮೂಲಕ ಕೇಸು ಹುಡುಕುವಂತಿಲ್ಲ. ಕೇಸಿನ ಫಲಿತಾಂಶಕ್ಕೆ ತಕ್ಕಂತೆ ಫೀಸು ಗೊತ್ತುಮಾಡುವಂತಿಲ್ಲ, ಬಂದ ಹಣದಲ್ಲಿ ಪಾಲು ಕೇಳುವಂತಿಲ್ಲ. ಈ ರೋಗ ಹಳೆಯದು. 1879ರ ಲೀಗಲ್ ಪ್ರಾಕ್ಟಿಷನರ್ಸ್ ಕಾಯ್ದೆಯಲ್ಲೇ ಕೋರ್ಟಿನ ದಲ್ಲಾಳಿಗಳ ಪಟ್ಟಿ ಮಾಡುವ ಅಧಿಕಾರ ನ್ಯಾಯಾಧೀಶರಿಗಿತ್ತು. ಅದೇ ಅಧಿಕಾರವನ್ನು 2023ರ ತಿದ್ದುಪಡಿ ಅಡ್ವೊಕೇಟ್ಸ್ ಕಾಯ್ದೆಗೆ ತಂದಿತು. ಪಟ್ಟಿಯಲ್ಲಿ ಹೆಸರಿದ್ದೂ ದಲ್ಲಾಳಿತನ ಮಾಡಿದರೆ ಮೂರು ತಿಂಗಳವರೆಗೆ ಜೈಲು, 500 ರೂಪಾಯಿವರೆಗೆ ದಂಡ. ಒಂದು ಕಾಲಿನ ಪರಿಹಾರದಲ್ಲಿ ಲಕ್ಷ ಎತ್ತುವವನಿಗೆ 500 ರೂಪಾಯಿ ದಂಡ!

ನನಗೂ ಆಸೆ ಹುಟ್ಟಿತ್ತು

ಕಾಗದ ವಾಪಸ್ ಕೇಳಲು ನಾನೇ ಅವನಿಗೆ ಫೋನ್ ಮಾಡಿದೆ. ಅವನು ಜಗಳಾಡಲಿಲ್ಲ. “ಅಣ್ಣಾ, ಆಸ್ಪತ್ರೆ ಎದುರಿನ ಹೋಟೆಲಿಗೆ ಬನ್ನಿ, ಚಾ ಕುಡೀತಾ ಮಾತಾಡುವ” ಎಂದ. ಹೋದೆ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಶರ್ಟು, ನಮ್ರ ಮಾತು. ಚಾ ಬರುವಷ್ಟರಲ್ಲಿ ವಿಷಯಕ್ಕೆ ಬಂದ. “ನಿಮ್ಮ ಡಾಕ್ಟರು ಅಂಗವೈಕಲ್ಯ ಹತ್ತೋ ಹದಿನೈದೋ ಪರ್ಸೆಂಟ್ ಬರೆಯುತ್ತಾರೆ. ನಮ್ಮ ಡಾಕ್ಟರು ಇದ್ದಾರೆ, ನಲವತ್ತು ಬರೆಸಿ ಕೊಡುತ್ತೇನೆ. ನಮ್ಮ ಪಾಲು ಕೊಟ್ಟೂ ನಿಮಗೆ ಲಾಭವೇ.”

ನಾನು ಎದ್ದು ಬಂದೆ ಎಂದು ಬರೆದರೆ ಸುಳ್ಳಾಗುತ್ತದೆ. ಆ ರಾತ್ರಿ ಡೊಂಬಿವಲಿ ಲೋಕಲಿನಲ್ಲಿ ಕೂತು ಲೆಕ್ಕ ಹಾಕಿದೆ. ಆಸ್ಪತ್ರೆಯ ಬಿಲ್ಲು ಏರುತ್ತಿತ್ತು. ತಮ್ಮನ ಸಂಬಳ ನಿಂತಿತ್ತು, ಮಗಳ ಶಾಲೆಯ ಫೀಸು ಬಾಕಿ ಇತ್ತು. ವಿಮೆ ಕಂಪನಿಯ ದುಡ್ಡು ತಾನೇ, ಯಾರ ಗಂಟು ಹೋಗುತ್ತದೆ ಎಂದೂ ಅನ್ನಿಸಿತು.

ಕಣ್ಣು ತೆರೆಸಿದವರು ಪರಿಚಯದ ಒಬ್ಬ ಹಿರಿಯ ವಕೀಲರು. ಅವರು ಹೇಳಿದ್ದು ಸುಪ್ರೀಂ ಕೋರ್ಟಿನ ರಾಜ್‌ಕುಮಾರ್ ವಿರುದ್ಧ ಅಜಯ್‌ಕುಮಾರ್ ಪ್ರಕರಣದ 2010ರ ತೀರ್ಪಿನ ವಿಷಯ. ಅಂಗವೈಕಲ್ಯ ಎಷ್ಟು ಪರ್ಸೆಂಟ್ ಎಂಬುದು ಬೇರೆ, ಅದರಿಂದ ಸಂಪಾದನೆಯ ಶಕ್ತಿ ಎಷ್ಟು ಹೋಯಿತು ಎಂಬುದು ಬೇರೆ. ಎಡಗೈ ಕಳೆದುಕೊಂಡ ಬಡಗಿಗೋ ಡ್ರೈವರಿಗೋ ಸಂಪಾದನೆ ಹೆಚ್ಚುಕಡಿಮೆ ಪೂರ್ತಿ ನಿಂತುಹೋಗಬಹುದು. ಸರ್ಕಾರಿ ಗುಮಾಸ್ತನಿಗೆ ಕೆಲಸ ಹೋಗದೆಯೂ ಇರಬಹುದು. ಗಾಯ ಒಂದೇ, ನಷ್ಟ ಬೇರೆ. ಚಿಕಿತ್ಸೆಯನ್ನೇ ಮಾಡದೆ ಧಾರಾಳವಾಗಿ ಸರ್ಟಿಫಿಕೇಟ್ ಕೊಡುವ ಡಾಕ್ಟರುಗಳ ಬಗ್ಗೆ ಟ್ರಿಬ್ಯೂನಲ್ಲುಗಳು ಎಚ್ಚರದಿಂದಿರಬೇಕು ಎಂದೂ ಅದೇ ತೀರ್ಪು ಹೇಳುತ್ತದೆ.

“ನಿಮ್ಮ ತಮ್ಮ ದಿನಕ್ಕೆ ಹತ್ತು ಗಂಟೆ ನಿಂತು ಕೆಲಸ ಮಾಡುವವನು. ಇನ್ನು ಎಷ್ಟು ಹೊತ್ತು ನಿಲ್ಲಬಲ್ಲ? ಅದನ್ನು ಚಿಕಿತ್ಸೆ ಮಾಡಿದ ಡಾಕ್ಟರರಿಂದ ಹೇಳಿಸಿ. ಹೋಟೆಲಿನಿಂದ ಸಂಬಳದ ಪತ್ರ ತನ್ನಿ. ನಿಜವೇ ನಿಮಗೆ ಸಾಕು. ಸುಳ್ಳು ಸರ್ಟಿಫಿಕೇಟ್ ಸಿಕ್ಕಿಬಿದ್ದರೆ ನಿಜವನ್ನೂ ನಂಬುವುದಿಲ್ಲ” ಎಂದರು ಅವರು. ಉತ್ತರ ಪ್ರದೇಶದಲ್ಲಿ ಸುಳ್ಳು ಕ್ಲೇಮುಗಳ ತನಿಖೆಗೆ ಹೈಕೋರ್ಟ್ ಆದೇಶದ ಮೇರೆಗೆ ವಿಶೇಷ ತಂಡವನ್ನೇ ರಚಿಸಬೇಕಾಯಿತು. ಅದರಲ್ಲಿ ವಕೀಲರ ಪಾತ್ರದ ಬಗ್ಗೆ ಸುಪ್ರೀಂ ಕೋರ್ಟ್ 2021ರಲ್ಲಿ ಕಟುವಾಗಿ ಮಾತಾಡಿತ್ತು. ಅರ್ಜಿಯ ಮೇಲೆ ಇರುವುದು ಗಾಯಾಳುವಿನ ಸಹಿ. ಉತ್ತರ ಕೊಡಬೇಕಾದವನೂ ಅವನೇ. ಏಜೆಂಟನ ಹೆಸರು ಎಲ್ಲೂ ಇರುವುದಿಲ್ಲ.

ನಾವು ಮಾಡಿದ್ದು

ಓದುಗರಿಗೆ ಉಪಯೋಗವಾಗಬಹುದೆಂದು ನಾವು ಮಾಡಿದ್ದನ್ನು ಬರೆಯುತ್ತೇನೆ. ಮಂಪರಿನಲ್ಲಿದ್ದಾಗ ಖಾಲಿ ಕಾಗದಕ್ಕೆ ಸಹಿ ಪಡೆಯಲಾಗಿದೆ, ಯಾರಿಗೂ ವಕಾಲತ್ತು ಕೊಟ್ಟಿಲ್ಲ ಎಂದು ತಮ್ಮನಿಂದಲೇ ಪತ್ರ ಬರೆಸಿ ಪೊಲೀಸ್ ಠಾಣೆಗೆ ಕೊಟ್ಟೆವು. ನಮ್ಮ ಪ್ರತಿಯ ಮೇಲೆ ಠಾಣೆಯ ಮುದ್ರೆ ಹಾಕಿಸಿಕೊಂಡೆವು. ಅದರ ಫೋಟೋವನ್ನು ಏಜೆಂಟನಿಗೆ ವಾಟ್ಸಾಪಿನಲ್ಲಿ ಕಳುಹಿಸಿದೆವು. ‘ಓಡಾಟದ ಖರ್ಚು’ ಎಂದು 5,000 ಕೇಳಿದ. ಕೊಡಲಿಲ್ಲ. ನಾಲ್ಕು ದಿನ ಬಿಟ್ಟು ಕರಾರು ಮತ್ತು ವಕಾಲತ್ತುನಾಮೆ ವಾಪಸ್ ಬಂದವು. ಬಿಳಿ ಹಾಳೆ ಇಂದಿಗೂ ಬಂದಿಲ್ಲ. ‘ಕಳೆದುಹೋಯಿತು’ ಎನ್ನುತ್ತಾನೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ಕಕ್ಷಿದಾರರ ಹೆಸರು ಹಾಕಿ ಹುಡುಕಬಹುದು. ತಮ್ಮನ ಹೆಸರಿನಲ್ಲಿ ಯಾರಾದರೂ ಎಲ್ಲಾದರೂ ಕೇಸು ಹಾಕಿದ್ದಾರೆಯೇ ಎಂದು ನಾನು ಈಗಲೂ ಆಗಾಗ ನೋಡುತ್ತೇನೆ.

ವಕೀಲರೇ ಬೇಡ ಎಂದು ಇದರ ಅರ್ಥವಲ್ಲ. ಟ್ರಿಬ್ಯೂನಲ್ಲಿನಲ್ಲಿ ವಿಮೆ ಕಂಪನಿಗೆ ವಕೀಲರಿರುವಾಗ ನಮಗೂ ಬೇಕು. ಆದರೆ ಅವರನ್ನು ನಾವು ಹುಡುಕಿಕೊಂಡು ಹೋಗಬೇಕು, ಅವರು ನಮ್ಮ ಮಂಚ ಹುಡುಕಿಕೊಂಡು ಬರಬಾರದು. ಫೀಸು ಎಷ್ಟೆಂದು ಮೊದಲೇ ಬರವಣಿಗೆಯಲ್ಲಿ ಇರಲಿ. ವಕಾಲತ್ತುನಾಮೆಯಲ್ಲಿ ವಕೀಲರ ಹೆಸರು ತುಂಬಿದ ಮೇಲೆಯೇ ಸಹಿ ಬೀಳಲಿ. ಬಿಲ್ಲು, ಎಕ್ಸ್‌ರೇ, ಡಿಸ್‌ಚಾರ್ಜ್ ಕಾರ್ಡುಗಳ ಮೂಲಪ್ರತಿ ನಿಮ್ಮ ಕೈಯಲ್ಲೇ ಇರಲಿ. ಬ್ಯಾಂಕಿನ ಚೆಕ್ಕುಬುಕ್, ಎಟಿಎಂ ಕಾರ್ಡು ಯಾರಿಗೂ ಕೊಡಬೇಡಿ. ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರವಿದೆ, 15100ಕ್ಕೆ ಫೋನ್ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ. ‘ನಿಮ್ಮ ಕ್ಲೇಮ್ ಮಂಜೂರಾಗಿದೆ, ಫೈಲ್ ಚಾರ್ಜ್ ಕಳುಹಿಸಿ’ ಎಂಬ ಫೋನ್ ಬಂದರೆ ಅದು ಬರಿಯ ಮೋಸ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಹೇಳಿ.

ಹೊರನಾಡಿನ ನಮಗೆ ಮುಖ್ಯವಾದ ಇನ್ನೊಂದು ಮಾತು. ಚೌತಿಗೆಂದೋ ಮದುವೆಗೆಂದೋ ಊರಿಗೆ ಹೋಗುವಾಗ ದಾರಿಯಲ್ಲಿ ಅಪಘಾತವಾದರೆ, ‘ಕೇಸು ಇಲ್ಲೇ ಹಾಕಬೇಕು, ನೀವು ಬರುವುದು ಬೇಡ, ನಾವು ನೋಡಿಕೊಳ್ಳುತ್ತೇವೆ’ ಎನ್ನುವವರು ಅಲ್ಲೂ ಸಿಗುತ್ತಾರೆ. ಕಾಯ್ದೆ ಹಾಗೆ ಹೇಳುವುದಿಲ್ಲ. ಅಪಘಾತವಾದ ಊರಿನಲ್ಲಿ ಹಾಕಬಹುದು, ನೀವು ವಾಸವಿರುವ ಊರಿನಲ್ಲೂ ಹಾಕಬಹುದು. ಅಂಕೋಲಾದ ಹತ್ತಿರ ಬಿದ್ದವರು ಪುಣೆಯಲ್ಲಿ ವಾಸವಿದ್ದರೆ ಪುಣೆಯಲ್ಲೇ ಅರ್ಜಿ ಹಾಕಬಹುದು.

ಅವಳು ಹೇಳಿದ ಮಾತು

ತಮ್ಮ ಈಗ ಕೋಲು ಹಿಡಿದು ನಡೆಯುತ್ತಾನೆ. ಹೋಟೆಲಿನವರು ಅವನನ್ನು ಸದ್ಯಕ್ಕೆ ಕ್ಯಾಶ್ ಕೌಂಟರಿನಲ್ಲಿ ಕೂರಿಸಿದ್ದಾರೆ. ಸಂಬಳ ಕಡಿಮೆ. ಕೇಸು ನಡೆಯುತ್ತಿದೆ. ಎಷ್ಟು ಬರುತ್ತದೋ, ಯಾವಾಗ ಬರುತ್ತದೋ ಗೊತ್ತಿಲ್ಲ.

ಅವನ ಹೆಂಡತಿ ಹತ್ತಿರ ನಾನು ಕ್ಷಮೆ ಕೇಳಿದ್ದು ತಡವಾಗಿ. ಒಂದು ದಿನ ಅವರ ಮನೆಯಲ್ಲಿ ಊಟಕ್ಕೆ ಕೂತಾಗ, “ಅವತ್ತು ವಾರ್ಡಿನಲ್ಲಿ ನಾನು ಹಾಗೆ ಹೇಳಬಾರದಿತ್ತು” ಎಂದೆ. ಅವಳು ಸಾರು ಬಡಿಸುತ್ತಾ ಹೇಳಿದಳು: “ಅವನು ಮೋಸಗಾರ ಇರಬಹುದು ಭಾವ. ಆದರೆ ಎರಡು ದಿನದಲ್ಲಿ ‘ಊಟ ಆಯ್ತಾ?’ ಅಂತ ನನ್ನನ್ನು ಕೇಳಿದವನು ಅವನೊಬ್ಬನೇ.”

ನಾನೂ ಕೇಳಿರಲಿಲ್ಲ. ಪೇಪರು, ಬಿಲ್ಲು, ಲೋಕಲ್ ಹಿಡಿಯುವ ಗಡಿಬಿಡಿಯಲ್ಲೇ ಇದ್ದೆ. ಬೆಳಿಗ್ಗೆ ಹಿಂದಿಯಲ್ಲಿ ಬಂದ ಫೋನನ್ನು ಕಟ್ ಮಾಡಿ ಗೆದ್ದೆನೆಂದುಕೊಂಡಿದ್ದೆ. ರಾತ್ರಿ ಕನ್ನಡದಲ್ಲಿ ಬಂದವನು ಕೂತದ್ದು ನಾನು ಖಾಲಿ ಬಿಟ್ಟುಹೋದ ಸ್ಟೂಲಿನ ಮೇಲೆ.

ಅದಕ್ಕೇ ನಮ್ಮ ಬಿಲ್ಡಿಂಗಿನ, ನಮ್ಮ ಸಂಘದ ನಾಲ್ಕು ಮನೆಯವರು ಈಗ ಒಂದು ಮಾತು ಮಾಡಿಕೊಂಡಿದ್ದೇವೆ. ನಮ್ಮವರು ಯಾರಾದರೂ ಆಸ್ಪತ್ರೆ ಸೇರಿದರೆ ಮೊದಲ ಮೂರು ರಾತ್ರಿ ಸರದಿಯ ಮೇಲೆ ಒಬ್ಬರು ಅಲ್ಲಿರುವುದು. ದೊಡ್ಡ ಸಹಾಯವೇನಲ್ಲ. ಒಂದು ಡಬ್ಬಿ ಊಟ, ಮರಾಠಿ ಕಾಗದ ಓದಿ ಹೇಳಲು ಒಬ್ಬರು, ಯಾರಾದರೂ ಪೆನ್ನು ಚಾಚಿದರೆ “ನಾಳೆ ನೋಡೋಣ” ಎನ್ನಲು ಒಂದು ಬಾಯಿ.