ವಿದ್ಯುನ್ಮಾನ ಮೂಗಿನಿಂದ ಮಾವಿನ ಮಾಗುವಿಕೆ ಪರೀಕ್ಷೆ: ಬೀದರ್ ಜಿಲ್ಲೆಯ ಬೆಳೆಗಾರರಿಗೆ ಸಲಹೆಗಳು

ಭಾಲ್ಕಿ ಅಥವಾ ಔರಾದ ತಾಲ್ಲೂಕಿನ ತೋಟದಿಂದ ಮಾವನ್ನು ಬೀದರ್ ನಗರದ ಮಾರುಕಟ್ಟೆಗೋ ಹೈದರಾಬಾದಿಗೋ ಕಳುಹಿಸುವಾಗ ಒಂದೇ ಕ್ರೇಟಿನಲ್ಲಿ ಕಾಯಿ, ದೋರಗಾಯಿ ಮತ್ತು ಹಣ್ಣು ಬೆರೆತಿದ್ದರೆ ಇಡೀ ಕ್ರೇಟಿನ ಬೆಲೆ ಕುಸಿಯುತ್ತದೆ. ಮಾಗಿದ ಹಣ್ಣು ಹೊರಸೂಸುವ ಎಥಿಲೀನ್ ಅನಿಲವು ಪಕ್ಕದ ಕಾಯಿಗಳನ್ನೂ ಬೇಗ ಮಾಗಿಸುವುದರಿಂದ ದಾರಿಯಲ್ಲೇ ನಷ್ಟ ಹೆಚ್ಚುತ್ತದೆ. ಹಣ್ಣನ್ನು ಕೊಯ್ದು ನೋಡದೆ, ವಾಸನೆಯಿಂದಲೇ ಅದರ ಹಂತವನ್ನು ಗುರುತಿಸುವ ಉಪಕರಣವೇ ವಿದ್ಯುನ್ಮಾನ ಮೂಗು.

ಕಾರ್ಯವಿಧಾನ

ಈ ಉಪಕರಣದ ಮೂಲ ಮಾದರಿಯನ್ನು 1982ರಲ್ಲಿ ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದ ಪರ್ಸಾಡ್ ಮತ್ತು ಡಾಡ್ ಪ್ರಕಟಿಸಿದರು. ಭಾರತದಲ್ಲಿ ಕೋಲ್ಕತ್ತದ ಸಿ-ಡ್ಯಾಕ್ ಸಂಸ್ಥೆಯು ಚಹಾದ ಸುವಾಸನೆಯನ್ನು ಅಳೆಯಲು ಇಂತಹ ಉಪಕರಣವನ್ನು ಅಭಿವೃದ್ಧಿಪಡಿಸಿದೆ. ಇದರಲ್ಲಿ ತವರದ ಆಕ್ಸೈಡ್‌ನಂತಹ ಲೋಹದ ಆಕ್ಸೈಡ್ ಲೇಪಿಸಿದ ಹಲವು ಸಂವೇದಕಗಳಿರುತ್ತವೆ. ಹಣ್ಣಿನಿಂದ ಹೊರಬರುವ ಆವಿ ತಗುಲಿದಾಗ ಅವುಗಳ ವಿದ್ಯುತ್ ರೋಧ ಬದಲಾಗುತ್ತದೆ. ಮೊದಲೇ ದಾಖಲಿಸಿಟ್ಟ ಕಾಯಿ, ದೋರಗಾಯಿ, ಹಣ್ಣು ಮತ್ತು ಕೊಳೆತ ಹಣ್ಣಿನ ಮಾದರಿಗಳೊಡನೆ ಈ ಬದಲಾವಣೆಯನ್ನು ಗಣಕಯಂತ್ರವು ಹೋಲಿಸಿ ಹಂತವನ್ನು ಸೂಚಿಸುತ್ತದೆ.

ಎಲ್ಲಿ ಉಪಯುಕ್ತ, ಎಲ್ಲಿ ಅಲ್ಲ

ಬಲಿತ ಕಾಯಿಯು ಮರದಲ್ಲಿರುವಾಗ ಅದರ ವಾಸನೆ ಬಹಳ ಕಡಿಮೆ. ಆದ್ದರಿಂದ ಕೊಯ್ಲಿನ ದಿನವನ್ನು ನಿರ್ಧರಿಸಲು ಈ ಉಪಕರಣವನ್ನು ನಂಬಬಾರದು. ಕಾಯಿಯ ಭುಜ ತುಂಬಿರುವುದನ್ನು ಗಮನಿಸಿ. ಕೆಲವು ಕಾಯಿಗಳನ್ನು ನೀರಿನಲ್ಲಿ ಹಾಕಿ ನೋಡಿ. ಬಲಿತ ಕಾಯಿ ಮುಳುಗುತ್ತದೆ, ಎಳೆಯದು ತೇಲುತ್ತದೆ. ವಿದ್ಯುನ್ಮಾನ ಮೂಗು ಉಪಯೋಗಕ್ಕೆ ಬರುವುದು ಮಾಗಿಸುವ ಕೊಠಡಿ, ಉಗ್ರಾಣ ಹಾಗೂ ವಿಂಗಡಣಾ ಕೇಂದ್ರಗಳಲ್ಲಿ.

ಬಳಕೆಯ ಕ್ರಮ

• ಒಂದೇ ತಳಿಯ ಕೆಲವು ಹಣ್ಣುಗಳನ್ನು ಮುಚ್ಚಿದ ಡಬ್ಬಿಯಲ್ಲಿ ಸುಮಾರು ಅರ್ಧ ಗಂಟೆ ಇರಿಸಿ, ನಂತರ ಒಳಗಿನ ಗಾಳಿಯನ್ನು ಪರೀಕ್ಷಿಸಬೇಕು.
• ಪ್ರತಿ ತಳಿಗೂ ಪ್ರತ್ಯೇಕ ಮಾದರಿ ದಾಖಲಿಸಬೇಕು. ಕೇಸರ್ ತಳಿಗೆ ಸಿದ್ಧಪಡಿಸಿದ ಮಾದರಿ ದಶೇರಿಗೆ ಹೊಂದುವುದಿಲ್ಲ.
• ಡೀಸೆಲ್ ಹೊಗೆ, ಕೀಟನಾಶಕದ ವಾಸನೆ ಮತ್ತು ಅತಿಯಾದ ತೇವಾಂಶವಿರುವ ಜಾಗದಲ್ಲಿ ಅಳತೆ ತಪ್ಪುತ್ತದೆ.
• ಸಂವೇದಕಗಳು ಕಾಲಕ್ರಮೇಣ ಸೂಕ್ಷ್ಮತೆ ಕಳೆದುಕೊಳ್ಳುವುದರಿಂದ ಪ್ರತಿ ಹಂಗಾಮಿನ ಆರಂಭದಲ್ಲಿ ಮರುಹೊಂದಾಣಿಕೆ ಅಗತ್ಯ.
• ಫಲಿತಾಂಶವನ್ನು ರಿಫ್ರಾಕ್ಟೋಮೀಟರಿನ ಸಿಹಿ ಅಳತೆಯೊಡನೆ ತಾಳೆ ನೋಡಬೇಕು.

ಎಚ್ಚರಿಕೆ

ಅವಸರದಲ್ಲಿ ಎಳೆಯ ಕಾಯಿ ಕೊಯ್ದು ಕ್ಯಾಲ್ಸಿಯಂ ಕಾರ್ಬೈಡ್‌ನಿಂದ ಮಾಗಿಸುವುದು ಕಾನೂನುಬಾಹಿರ ಹಾಗೂ ಆರೋಗ್ಯಕ್ಕೆ ಅಪಾಯಕಾರಿ. ಅಂತಹ ಹಣ್ಣಿಗೆ ಬಣ್ಣ ಬಂದರೂ ರುಚಿ, ಸುವಾಸನೆ ಬರುವುದಿಲ್ಲ. ಬಲಿತ ಕಾಯಿಗಳನ್ನು ಮಾಗಿಸುವ ಕೊಠಡಿಯಲ್ಲಿ 100 ಪಿಪಿಎಂವರೆಗಿನ ಎಥಿಲೀನ್ ಅನಿಲ ಬಳಸಲು ಅನುಮತಿಯಿದೆ.

ಒಬ್ಬ ಸಣ್ಣ ರೈತರು ಈ ಉಪಕರಣವನ್ನು ಸ್ವಂತವಾಗಿ ಕೊಳ್ಳುವುದು ಲಾಭದಾಯಕವಲ್ಲ. ರೈತ ಉತ್ಪಾದಕರ ಸಂಘ ಅಥವಾ ಸಾಮೂಹಿಕ ವಿಂಗಡಣಾ ಕೇಂದ್ರದ ಮೂಲಕ ಹಂಚಿಕೊಂಡು ಬಳಸುವುದು ಸೂಕ್ತ. ಕೊಳ್ಳುವ ಮುನ್ನ ತಮ್ಮದೇ ತೋಟದ ಹಣ್ಣಿನ ಮೇಲೆ ಪ್ರಾತ್ಯಕ್ಷಿಕೆ ನೀಡುವಂತೆ ಮಾರಾಟಗಾರರನ್ನು ಕೇಳಬೇಕು. ಹೆಚ್ಚಿನ ಮಾಹಿತಿಗಾಗಿ ಬೀದರಿನ ಕೃಷಿ ವಿಜ್ಞಾನ ಕೇಂದ್ರ ಅಥವಾ ತೋಟಗಾರಿಕೆ ಮಹಾವಿದ್ಯಾಲಯದ ತಜ್ಞರನ್ನು ಸಂಪರ್ಕಿಸಬಹುದು.